ಎರಡನೆಯ ಬ್ರೇಕು

ದೊಡ್ಡ ಮನುಷ್ಯರ ತಲೆಯ ಬಗ್ಗೆ, ಎದೆಯ ಬಗ್ಗೆ, ಬೇರೇನೂ ಸಿಗದಿದ್ದರೆ ಮೀಸೆಯ ಬಗ್ಗೆಯಾದರೂ ಬರೆದವರುಂಟು. ಬಲಗಾಲಿನ ಬಗ್ಗೆ ಬರೆದವರು ಕಡಿಮೆ. ಬ್ರೇಕ್ ಮಾಸ್ತರರ ಜೀವನವನ್ನು ಹೇಳಲು ಹೊರಟವನಿಗೆ ಬೇರೆ ದಾರಿಯೇ ಇಲ್ಲ. ಅವರ ಶೌರ್ಯ, ವಿದ್ಯೆ, ಕೀರ್ತಿ ಎಲ್ಲವೂ ಬಲ ಮೊಣಕಾಲಿನಿಂದ ಕೆಳಗೆ ಶೇಖರವಾಗಿದ್ದವು.

ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಎರಡು ಬ್ರೇಕುಗಳಿರುತ್ತವೆ. ಒಂದು ಕಲಿಯುವವನ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಕುಳಿತ ಗುರುವಿನ ಕಾಲಡಿ. ಶಿಷ್ಯ ಗಾಬರಿಬಿದ್ದು ಆಕ್ಸಿಲರೇಟರನ್ನೇ ಬ್ರೇಕೆಂದು ತಿಳಿದು ತುಳಿದಾಗ, ಗುರು ತನ್ನದನ್ನು ಒತ್ತಿ ಲೋಕವನ್ನು ಕಾಪಾಡಬೇಕು. ಈ ಲೋಕರಕ್ಷಣೆಯನ್ನು ಮಾಸ್ತರರು ಎಷ್ಟು ಕಾಲದಿಂದ ಮಾಡಿಕೊಂಡು ಬಂದಿದ್ದರೆಂದರೆ, ಕಾರು ಯಾವುದು, ಕಾರಲ್ಲದ್ದು ಯಾವುದು ಎಂಬ ಭೇದವೇ ಅವರ ಬಲಗಾಲಿಗೆ ಮರೆತುಹೋಗಿತ್ತು. ಬಸ್ಸಿನಲ್ಲಿ ಕುಳಿತರೆ ಮುಂದಿನ ಸೀಟಿನ ಅಡಿಗೆ ಒತ್ತುತ್ತಿತ್ತು. ಕ್ಷೌರದ ಕುರ್ಚಿಯಲ್ಲಿ ಕತ್ತಿ ಕಿವಿಯ ಹತ್ತಿರ ಬಂದರೆ ಒತ್ತುತ್ತಿತ್ತು. ಮದುವೆ ಮನೆಯಲ್ಲಿ ಯಾರಾದರೂ ನಾಲ್ಕು ಮಾತಾಡುತ್ತೇನೆಂದು ಎದ್ದು ನಿಂತರೂ ಒತ್ತುತ್ತಿತ್ತು; ಆದರೆ ಭಾಷಣ ನಿಲ್ಲುತ್ತಿರಲಿಲ್ಲ. ನಿದ್ದೆಯಲ್ಲೂ ಅದಕ್ಕೆ ರಜೆಯಿರಲಿಲ್ಲ.

"ರೀ, ಮಂಚಕ್ಕೂ ಬ್ರೇಕ್ ಹಾಕ್ತೀರಲ್ಲ, ಇದೇನು ಇಳಿಜಾರಲ್ಲಿ ನಿಂತಿದೆಯಾ?" ಎಂದು ಹೆಂಡತಿ ಬೈಯುತ್ತಿದ್ದರು.

"ನಾನಲ್ಲ ಕಣೇ, ಕಾಲು."

"ಹಾಗಾದ್ರೆ ಆ ಕಾಲನ್ನ ಹೊರಗಡೆ ಮಲಗಿಸಿ ಬನ್ನಿ."

ಮಾಸ್ತರರ ತಂದೆ ಲಾರಿ ಓಡಿಸುತ್ತಿದ್ದರು. ಒಂದು ಇಳಿಜಾರಿನ ತಿರುವಿನಲ್ಲಿ ಬ್ರೇಕು ಕೈಕೊಟ್ಟು ತೀರಿಕೊಂಡರು. ಮೂಲಕಾರಣಗಳನ್ನು ಹುಡುಕುವುದರಲ್ಲಿ ಆಸಕ್ತಿಯಿರುವವರು ಇಲ್ಲಿ ಸಿಕ್ಕಿತೆಂದು ಚಪ್ಪಾಳೆ ತಟ್ಟಬಹುದು. ಸ್ವಲ್ಪ ತಡೆಯಬೇಕು. ಅದೇ ತಂದೆಯ ಇನ್ನೊಬ್ಬ ಮಗ, ಅಂದರೆ ಮಾಸ್ತರರ ಸ್ವಂತ ತಮ್ಮ, ಅದೇ ಮನೆಯಲ್ಲಿ ಅದೇ ಅಳುವಿನ ನಡುವೆ ಬೆಳೆದವನು, ಮುಂದೆ ಖಾಸಗಿ ಬಸ್ಸಿನ ಚಾಲಕನಾದ. ಬ್ರೇಕು ಹಾಕುವುದೆಂದರೆ ಮರ್ಯಾದೆ ಹೋದಂತೆ ಎಂದು ತಿಳಿದು, ಹತ್ತಿದ ನಾಸ್ತಿಕರಿಗೆಲ್ಲ ಇಳಿಯುವುದರೊಳಗೆ ದೇವರ ಹೆಸರು ಕಲಿಸಿದ. ಒಂದೇ ತಿರುವಿನಿಂದ ಅಣ್ಣತಮ್ಮಂದಿರು ಎರಡು ದಿಕ್ಕಿಗೆ ಹೋದರು. ಅದು ಹೇಗೆಂದು ಅವರ ತಾಯಿ ಕೊನೆಯವರೆಗೂ ಕೇಳುತ್ತಿದ್ದರು. 

ಮಾಸ್ತರರ ಡ್ರೈವಿಂಗ್ ಶಾಲೆ ಎಂದರೆ ಒಂದು ಕೋಣೆ, ಒಂದು ಮೇಜು, ರಸ್ತೆಯ ಚಿಹ್ನೆಗಳ ಒಂದು ದೊಡ್ಡ ಪಟ, ಬಾಗಿಲ ಮುಂದೆ ಒಂದು ಕಾರು. ಕೋಣೆಯ ಪಕ್ಕದ ಗೋಡೆಯಲ್ಲಿ ಇನ್ನೊಂದು ಬಾಗಿಲು. ಅದನ್ನು ತಳ್ಳಿದರೆ ನೇರವಾಗಿ ಚಾಳೀಸಣ್ಣನ ಕನ್ನಡಕದಂಗಡಿ. ಕಟ್ಟಿಸಿದವನು ಒಂದೇ ದೊಡ್ಡ ಅಂಗಡಿಯೆಂದು ಕಟ್ಟಿ, ಬಾಡಿಗೆಯ ಆಸೆಗೆ ನಡುವೆ ತೆಳ್ಳಗಿನ ಹಲಗೆಯ ಗೋಡೆ ನಿಲ್ಲಿಸಿ ಎರಡು ಮಾಡಿದ್ದ. ಬಾಗಿಲನ್ನು ಯಾಕೆ ಬಿಟ್ಟನೆಂದು ಅವನಿಗೇ ಗೊತ್ತಿರಲಿಲ್ಲ. ಆದರೆ ಆ ಬಾಗಿಲಿನಿಂದ ಎರಡು ಸಂಸ್ಥಾನಗಳ ನಡುವೆ ಭಾರಿ ವ್ಯವಹಾರ ಬೆಳೆಯಿತು. ಲೈಸೆನ್ಸಿಗೆ ಅರ್ಜಿ ಹಾಕುವವನ ಕಣ್ಣು ಸರಿಯಿದೆ ಎಂದು ಚಾಳೀಸಣ್ಣ ಬರೆದುಕೊಡಬೇಕು, ಆಮೇಲೆ ಅವನ ಕೈಕಾಲು ಮಾಸ್ತರರ ವಶ. ಮಾಸ್ತರರು ಶುಕ್ರವಾರ ಮಸೀದಿಗೆ ಹೋಗುವವರು, ಚಾಳೀಸಣ್ಣ ಇನ್ನೊಂದು ದೇವರಿಗೆ ಕೈಮುಗಿಯುವವನು. ಆ ಎರಡು ದೇವರುಗಳ ನಡುವೆ ಏನೇ ಇದ್ದಿರಲಿ, ಬಾಗಿಲಿಗೆ ಚಿಲಕ ಬಿದ್ದದ್ದನ್ನು ಯಾರೂ ನೋಡಿರಲಿಲ್ಲ.

"ಲೋ ಬ್ರೇಕು, ಇವರ ಕಣ್ಣು ನೋಡಿದ್ದಾಯ್ತು. ಇನ್ನು ನಿನ್ನ ಕರ್ಮ!" ಎಂದು ಚಾಳೀಸಣ್ಣ ಆ ಕಡೆಯಿಂದ ಕೂಗುತ್ತಿದ್ದ.

"ಏನಯ್ಯಾ ಚಾಳೀಸು, ಕಂಬ ಕಾಣುತ್ತಾ ಇವರಿಗೆ?"

"ಕಂಬ ಕಾಣುತ್ತೆ. ತಪ್ಪಿಸ್ಕೊಳ್ತಾರಾ ಅನ್ನೋದು ನಿನ್ನ ಇಲಾಖೆ."

ಈ ಸಂಸ್ಥಾನಗಳೆರಡನ್ನೂ ನಿಜವಾಗಿ ಆಳುತ್ತಿದ್ದವಳು ಚಾಳೀಸಣ್ಣನ ಹೆಂಡತಿ. ಮಧ್ಯಾಹ್ನ ಗಂಡನಿಗೆ ಊಟದ ಡಬ್ಬಿ ತಂದು, ಅದರಲ್ಲೊಂದು ಪಾಲನ್ನು ಬಾಗಿಲು ದಾಟಿಸಿ ಮಾಸ್ತರರ ಮೇಜಿನ ಮೇಲಿಟ್ಟು, ಇಬ್ಬರಿಗೂ ಒಟ್ಟಿಗೆ ಬೈದು ಹೋಗುತ್ತಿದ್ದಳು. ಒಂದು ವರ್ಷ ಅವಳಿಗೆ ಕಾರು ಕಲಿಯುವ ಹಟ ಹುಟ್ಟಿತು. ಮಾಸ್ತರರ ಬಲಗಾಲು ತನ್ನ ಜೀವಮಾನದಲ್ಲಿ ಕಂಡ ಅತಿ ದೊಡ್ಡ ಯುದ್ಧ ಅದು. ಅವಳು ಗೇರು ಹಾಕುವ ಮೊದಲೇ ದಾರಿಹೋಕರು ಅಂಗಡಿಗಳೊಳಗೆ ಸೇರುತ್ತಿದ್ದರು. ಪರೀಕ್ಷೆಯಲ್ಲಿ ಅಧಿಕಾರಿಯ ಸ್ಕೂಟರನ್ನೇ ಗುದ್ದಿ, ಇಳಿದು, "ಇಲ್ಲಿ ಯಾರು ಇದನ್ನ ನಿಲ್ಲಿಸಿದ್ದು?" ಎಂದು ಅಧಿಕಾರಿಯನ್ನೇ ಗದರಿಸಿದಳು. ಅಲ್ಲಿಗೆ ಶಸ್ತ್ರತ್ಯಾಗವಾಯಿತು.

"ಹೋಗ್ಲಿ ಬಿಡಿ ಅಣ್ಣಾ," ಎಂದಳು. "ನಡೆಯೋಕೆ ಲೈಸೆನ್ಸ್ ಕೇಳಲ್ಲ. ನಾನು ನಡೀತೀನಿ."

ಅಂದಿನಿಂದ ಸಂತೆಗೆ, ಪೇಟೆಗೆ ಎಲ್ಲದಕ್ಕೂ ನಡೆದೇ ಹೋದಳು.

ಮಾಸ್ತರರ ಶಾಲೆಯಲ್ಲಿ ಕೊನೆಯ ಪಾಠವೊಂದಿತ್ತು. ಅದು ಯಾವ ನಿಯಮದ ಪುಸ್ತಕದಲ್ಲೂ ಇರಲಿಲ್ಲ, ಅವರದೇ ಸೃಷ್ಟಿ. ತರಕಾರಿ ಮಾರುಕಟ್ಟೆಯ ಹಿಂದೆ ಒಂದು ಗಲ್ಲಿಯಿದೆ. ಎರಡೂ ಕಡೆ ತಳ್ಳುಗಾಡಿಗಳು, ನಡುವೆ ಬುಟ್ಟಿ ಹೊತ್ತವರು, ಚೌಕಾಸಿ ಮಾಡುತ್ತ ನಡುದಾರಿಯಲ್ಲೇ ನಿಂತವರು, ಹಸು, ನಾಯಿ, ನೆಲದ ಮೇಲೆ ಉರುಳುವ ಆಲೂಗಡ್ಡೆ. ಈ ಗಲ್ಲಿಯನ್ನು ಯಾರ ಸೆರಗಿಗೂ ತಾಗದೆ, ಹಾರ್ನ್ ಒತ್ತದೆ ದಾಟಿದವನು ಮಾಸ್ತರರ ಪಾಲಿಗೆ ಪದವೀಧರ. "ಇದನ್ನ ದಾಟಿದೋನು ಪ್ರಪಂಚದಲ್ಲಿ ಎಲ್ಲಿ ಬೇಕಾದ್ರೂ ಗಾಡಿ ಓಡಿಸ್ತಾನೆ" ಎಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ದಾಟುವಾಗ ಗುರುವಿನ ಕಾಲು ಎಷ್ಟು ಸಲ ಬ್ರೇಕ್ ಒತ್ತಿತೆಂಬುದೇ ಅಂಕಪಟ್ಟಿ.

ಆ ಕಾಲು ಒಮ್ಮೆಯೂ ಒತ್ತದೆ ಪಾಸಾದ ಶಿಷ್ಯ ಒಬ್ಬನೇ. ಔಷಧ ಕಂಪನಿಯಲ್ಲಿ ಕೆಲಸಕ್ಕಿದ್ದ ಯುವಕ. ಇಸ್ತ್ರಿ ಮಾಡಿದ ಅಂಗಿ, ತಗ್ಗಿದ ದನಿ. ಕ್ಲಚ್ಚಿನಿಂದ ಕಾಲು ತೆಗೆದರೆ ಕಾರಿಗೇ ಗೊತ್ತಾಗುತ್ತಿರಲಿಲ್ಲ. ಮಾಸ್ತರರು ಅವನಿಗೆ ಬೆಣ್ಣೆಗಾಲು ಎಂದು ಹೆಸರಿಟ್ಟಿದ್ದರು. ಶುಕ್ರವಾರಗಳಲ್ಲಿ ಅವನು ಮಸೀದಿಯ ಸಾಲಿನಲ್ಲಿ ಕೆಲವೊಮ್ಮೆ ಅವರ ಪಕ್ಕದಲ್ಲೇ ನಿಲ್ಲುತ್ತಿದ್ದ, ಭುಜಕ್ಕೆ ಭುಜ ತಾಗಿಸಿ. ಕೊನೆಯ ಪಾಠದ ದಿನ ಗಲ್ಲಿಯ ನಡುಮಧ್ಯದಲ್ಲಿ ಒಂದು ನಾಯಿಮರಿ ಈರುಳ್ಳಿ ಗಾಡಿಯ ಕೆಳಗಿನಿಂದ ಚಂಗನೆ ಹಾರಿ ಬಂತು. ಮಾಸ್ತರರ ಕಾಲು ಏಳುವಷ್ಟರಲ್ಲೇ ಕಾರು ನಿಂತಿತ್ತು. ಬೆಣ್ಣೆಗಾಲು ತನ್ನ ಬ್ರೇಕನ್ನು ಅಷ್ಟು ಜೋರಾಗಿ ಒತ್ತಿದ್ದ. ಹಣೆ ಸ್ಟೇರಿಂಗಿಗೆ ಬಡಿದು ಕೆಂಪಾಗಿತ್ತು. ಇಳಿದು, ಮೊಣಕಾಲೂರಿ, ಕಾರಿನ ಅಡಿಗೆ ಇಣುಕಿ, "ಏನೂ ಆಗಿಲ್ಲ ಮಾಸ್ತರೇ, ಬದುಕಿದೆ" ಎಂದು ನಕ್ಕಿದ್ದ.

ಈ ಸಂಗತಿಯನ್ನು ಮಾಸ್ತರರು ಯಾರಿಗೂ ಹೇಳಲಿಲ್ಲ. ತನ್ನ ಜಗತ್ಪ್ರಸಿದ್ಧ ಕಾಲಿಗಿಂತ ಮುಂಚೆ ಇನ್ನೊಬ್ಬನ ಕಾಲು ತಲುಪಿದ್ದು ಹೆಮ್ಮೆಯೋ ಅವಮಾನವೋ ಅವರಿಗೇ ತೀರ್ಮಾನವಾಗಿರಲಿಲ್ಲ.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ, ಬೆಣ್ಣೆಗಾಲು ಒಂದು ವ್ಯಾನನ್ನು ಅದೇ ಗಲ್ಲಿಗೆ ತಂದ. ನಡುವೆ ಎಲ್ಲೂ ನಿಲ್ಲಿಸಲಿಲ್ಲ. ಗಲ್ಲಿ ಮುಗಿಯುವಲ್ಲಿ ವ್ಯಾನು ಸಿಡಿಯಿತು. ಮೊದಲೇ ಮಾಡಿಟ್ಟಿದ್ದ ವಿಡಿಯೋದಲ್ಲಿ ಅವನು ದೇವರ ಹೆಸರು ಹೇಳಿ, ದೂರದ ಯಾವುದೋ ದೇಶದ ಸತ್ತ ಮಕ್ಕಳ ಲೆಕ್ಕ ಹೇಳಿ, ಅದೇ ತಗ್ಗಿದ ದನಿಯಲ್ಲಿ ಇದು ಅದಕ್ಕೆ ಉತ್ತರ ಎಂದಿದ್ದ. ಉತ್ತರ ತಲುಪಿದ್ದು ತರಕಾರಿ ಮಾರುವವರಿಗೆ, ಕೊಳ್ಳುವವರಿಗೆ. ಹೊಸ ಪೊರಕೆ ಕೊಳ್ಳಲು ನಡೆದು ಹೋಗಿದ್ದ ಚಾಳೀಸಣ್ಣನ ಹೆಂಡತಿಗೆ.

ಇಲ್ಲಿಂದ ಮುಂದೆ ಈ ಚರಿತ್ರೆಕಾರನ ನಗು ಅಲ್ಲಲ್ಲಿ ಮುಗ್ಗರಿಸಿದರೆ ಓದುಗರು ಕ್ಷಮಿಸಬೇಕು.

ಮಾಸ್ತರರು ಅವಳ ಮಣ್ಣಿಗೆಂದು ಹೋದರು. ಚಾಳೀಸಣ್ಣನ ಮನೆಯ ಹೊಸ್ತಿಲಲ್ಲಿ ಅವನ ಹೆಂಡತಿಯ ತಮ್ಮ ನಿಂತಿದ್ದ.

"ಮಾಸ್ತರೇ, ಈಗ ಬರಬೇಡಿ. ತಪ್ಪು ತಿಳ್ಕೋಬೇಡಿ. ಒಳಗಡೆ ಜನ ಒಂಥರಾ ಇದ್ದಾರೆ."

"ಅವನೊಬ್ಬನ್ನ ನೋಡಿ ಹೋಗ್ತೀನಪ್ಪ."

"ಭಾವನೇ ಹೇಳಿದ್ದು, ಈಗ ಯಾರೂ ಬೇಡ ಅಂತ."

ಯಾರೂ ಎಂದರೆ ಯಾರು ಯಾರು ಎಂದು ಕೇಳುವ ಧೈರ್ಯ ಮಾಸ್ತರರಿಗೆ ಬರಲಿಲ್ಲ. ಒಳಗಿನಿಂದ ಹತ್ತಾರು ಜನರ ದನಿ ಕೇಳುತ್ತಿತ್ತು. ಮರಳಿ ಬಂದು ಶಾಲೆಯ ನಡುಬಾಗಿಲನ್ನು ತಳ್ಳಿದರು. ಆ ಕಡೆಯಿಂದ ಚಿಲಕ ಬಿದ್ದಿತ್ತು. ಅಂಥದ್ದೊಂದು ಚಿಲಕ ಆ ಬಾಗಿಲಿಗೆ ಇತ್ತೆಂಬುದೇ ಅವರಿಗೆ ಅಂದು ತಿಳಿಯಿತು.

ಪೊಲೀಸರು ಕರೆದುಕೊಂಡು ಹೋಗಿ, ಕೇಳಿದ್ದನ್ನೇ ಕೇಳಿ, ಬಿಟ್ಟರು. ಕಲಿಯಲು ಬರುತ್ತಿದ್ದವರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. "ನೀವು ತುಂಬ ಒಳ್ಳೆಯವರು ಮಾಸ್ತರೇ, ಆದ್ರೂ ಮನೇಲಿ ಹೆದರ್ತಾರೆ" ಎಂದು ಒಬ್ಬಾಕೆ ಕಣ್ಣೀರು ಹಾಕಿಕೊಂಡೇ ಬಿಟ್ಟುಹೋದಳು. ಊರಿನಲ್ಲಿ ಮಾತ್ರ ಮೂಲಕಾರಣಗಳ ಸುಗ್ಗಿ. ಕ್ಷೌರಿಕನ ಪ್ರಕಾರ ಎಲ್ಲಾ ಮೊಬೈಲಿನಿಂದ. ಚಹಾದಂಗಡಿಯವನ ಪ್ರಕಾರ ಹೊರಗಿನ ದುಡ್ಡಿನಿಂದ. ಬೆಣ್ಣೆಗಾಲು ಬಾಡಿಗೆಗಿದ್ದ ಮನೆಯ ಒಡತಿಯ ಪ್ರಕಾರ, ಒಂದು ಮದುವೆ ಮಾಡಿದ್ದಿದ್ದರೆ ವಾರದೊಳಗೆ ಸರಿಹೋಗುತ್ತಿದ್ದ. ಮಸೀದಿಯ ಅಂಗಳದಲ್ಲಿ, ಅವನು ನಮ್ಮವನೇ ಅಲ್ಲ, ನಮ್ಮ ಧರ್ಮಕ್ಕೂ ಅವನಿಗೂ ಸಂಬಂಧವೇ ಇಲ್ಲ ಎಂದು ಎಲ್ಲರೂ ತಲೆಯಾಡಿಸಿದರು. ಮಾಸ್ತರರೂ ಆಡಿಸಿದರು. ಆದರೆ ಸಾಲಿನಲ್ಲಿ ನಿಂತಾಗ ಎಡಭುಜಕ್ಕೆ ತಾಗಿದ್ದ ಆ ಭುಜದ ಬಿಸಿ ತಲೆಯಾಡಿಸಿದಷ್ಟಕ್ಕೆ ಹೋಗಲಿಲ್ಲ.

"ಸ್ಟೇರಿಂಗ್ ನನ್ನದಲ್ಲ ಅಂದ್ಬಿಟ್ರೆ ಗಾಡಿ ನಿಲ್ಲುತ್ತೇನೇ?" ಎಂದು ಹೆಂಡತಿಯನ್ನು ಕೇಳಿದರು.

"ನೀವೇನು ಅವನಿಗೆ ಬಾಂಬ್ ಮಾಡೋದು ಹೇಳ್ಕೊಟ್ರಾ?"

"ಗಲ್ಲಿ ಹೇಳ್ಕೊಟ್ಟೆ."

ಮಂಚದ ಮೇಲೆ ಆ ಕಾಲು ಈಗ ಒತ್ತಿದ್ದನ್ನು ಬಿಡುತ್ತಲೇ ಇರಲಿಲ್ಲ. ಅದಕ್ಕಾಗಿ ಹೆಂಡತಿ ಬೈಯುವುದನ್ನೂ ನಿಲ್ಲಿಸಿದ್ದರು.

ಹೀಗಿರುವಾಗ ಟೀವಿ ಚಾನೆಲ್ಲಿನಿಂದ ಒಬ್ಬ ಚುರುಕು ಮನುಷ್ಯ ಬಂದ. ಸಂಜೆಯ ಮಹಾಚರ್ಚೆಗೆ ಮಾಸ್ತರರು ಬೇಕಂತೆ. ಚರ್ಚೆಯ ಹೆಸರು "ಬೇರು ಎಲ್ಲಿದೆ?" ಪರದೆಯ ಹಿಂದೆ ಉರಿಯುವ ಮರವೊಂದರ ಚಿತ್ರವಿರುತ್ತದಂತೆ. ಮಾಸ್ತರರು ಬೇಡವೆಂದು ಕೈಮುಗಿದರು.

"ಯೋಚನೆ ಮಾಡಿ ಸಾರ್. ಪಕ್ಕದ ಕನ್ನಡಕದಂಗಡಿಯವರು ಆಗಲೇ ಒಪ್ಪಿದ್ದಾರೆ."

"ಅವನು ಬರ್ತಾನಾ? ಮಾತಾಡ್ತಾನಾ?"

"ನಿಮ್ಮ ಜೊತೆಗೇ! ನೇರ ಪ್ರಸಾರ."

ಮಾಸ್ತರರು ಒಪ್ಪಿದರು. ದೇಶದ ಮುಂದೆ ಧರ್ಮವನ್ನು ಸಮರ್ಥಿಸಿಕೊಳ್ಳುವುದಕ್ಕಾಗಿ ಅಲ್ಲ. ಚಿಲಕ ಬಿದ್ದ ಬಾಗಿಲಿನ ಆಚೆಯವನ ಬಾಯಿಂದ ಒಂದು ಮಾತು ಬೇಕಿತ್ತು, ಬೈಗುಳವಾದರೂ ಸರಿ.

ಆ ಸಂಜೆಯ ವ್ಯೂಹರಚನೆಯನ್ನು ವರ್ಣಿಸಲು ಹಳೆಯ ಯುದ್ಧಕವಿಗಳೇ ಬೇಕು. ಚರ್ಚೆಯ ಸೇನಾಧಿಪತಿಗಳು ದೂರದ ದೊಡ್ಡ ನಗರದ ಸ್ಟುಡಿಯೋದಲ್ಲಿ. ಇಲ್ಲಿ ಮಾಸ್ತರರ ಕೋಣೆಯಲ್ಲೊಂದು ಕ್ಯಾಮೆರಾ, ಹಲಗೆ ಗೋಡೆಯ ಆಚೆ ಚಾಳೀಸಣ್ಣನ ಅಂಗಡಿಯಲ್ಲೊಂದು. ಇಬ್ಬರೂ ಗೋಡೆಗೆ ಬೆನ್ನು ಹಾಕಿ, ಹೆಚ್ಚುಕಡಿಮೆ ಬೆನ್ನಿಗೆ ಬೆನ್ನು ತಾಗುವಂತೆ ಕುಳಿತಿದ್ದರು. ಪರದೆಯ ಮೇಲೆ ಮಾತ್ರ ಎರಡು ಬೇರೆ ಬೇರೆ ಚೌಕಗಳಲ್ಲಿ, ಎರಡು ದೇಶಗಳ ರಾಯಭಾರಿಗಳಂತೆ ಕಾಣುತ್ತಿದ್ದರು. ಚಾಳೀಸಣ್ಣ ಕೆಮ್ಮಿದರೆ ಆ ಕೆಮ್ಮು ಮೊದಲು ಹಲಗೆಯ ಮೂಲಕ ಬರುತ್ತಿತ್ತು. ಆಮೇಲೆ ಅದೇ ಕೆಮ್ಮು ಆಕಾಶಕ್ಕೆ ಹೋಗಿ, ಉಪಗ್ರಹವನ್ನು ಮುಟ್ಟಿ, ದೊಡ್ಡ ನಗರವನ್ನು ಸುತ್ತಿ, ಮಾಸ್ತರರ ಕಿವಿಗೆ ಸಿಕ್ಕಿಸಿದ್ದ ಗುಂಡಿಯೊಳಗೆ ಎರಡನೆಯ ಸಲ ಕೆಮ್ಮುತ್ತಿತ್ತು.

ಚರ್ಚೆ ಶುರುವಾಯಿತು. ನಿವೃತ್ತ ಅಧಿಕಾರಿಯೊಬ್ಬರು, ಬೇರು ಅವರ ಗ್ರಂಥದಲ್ಲೇ ಇದೆ, ಅಲ್ಲ ಎನ್ನುವವರು ಅದನ್ನು ಓದಿಲ್ಲ ಎಂದು ಮೇಜು ಗುದ್ದಿದರು. ಪ್ರೊಫೆಸರರು, ಬೇರು ಯುದ್ಧಗಳಲ್ಲಿದೆ, ದಬ್ಬಾಳಿಕೆಯಲ್ಲಿದೆ, ಬಡತನ ಮತ್ತು ಅವಮಾನದಲ್ಲಿದೆ ಎಂದು ಕನ್ನಡಕ ತೆಗೆದು ಹಾಕಿ ಮಾಡಿದರು. ಮೌಲಾನಾ ಒಬ್ಬರು, ಒಬ್ಬನನ್ನು ಕೊಂದವನು ಮನುಕುಲವನ್ನೇ ಕೊಂದಂತೆ ಎನ್ನುವ ಧರ್ಮ ನಮ್ಮದು, ಅವನನ್ನು ನಮ್ಮ ಲೆಕ್ಕಕ್ಕೆ ಬರೆಯಬೇಡಿ ಎಂದು ಬೇಡಿಕೊಂಡರು. ಬಡವರೆಲ್ಲ ಸಿಡಿಯುವುದಿಲ್ಲವಲ್ಲ ಎಂದರು ಅಧಿಕಾರಿ. ಗ್ರಂಥ ಓದಿದವರೆಲ್ಲ ಸಿಡಿಯುವುದಿಲ್ಲವಲ್ಲ ಎಂದರು ಪ್ರೊಫೆಸರು. ಮೂವರ ಹತ್ತಿರವೂ ಒಂದೊಂದು ತುಂಡು ನಿಜವಿತ್ತು. ಅದನ್ನು ಒಬ್ಬರ ತಲೆಗೆ ಒಬ್ಬರು ಎಸೆಯುವುದರಲ್ಲಿ ಮೂವರೂ ನಿಪುಣರು. ಮಾಸ್ತರರ ಕಾಲು ಮೇಜಿನಡಿಯಲ್ಲಿ ಒತ್ತಿತು. ಭಾಷಣಗಳು ಎಂದಿನಂತೆ ನಿಲ್ಲಲಿಲ್ಲ.

"ಮಾಸ್ತರೇ, ನೀವು ಅವನನ್ನ ಹತ್ತಿರದಿಂದ ಬಲ್ಲವರು," ಎಂದ ನಿರೂಪಕ. "ಒಂದೇ ಮಾತಲ್ಲಿ ಹೇಳಿ. ಧರ್ಮವೇ ಕಾರಣ, ಹೌದಾ ಅಲ್ವಾ?"

"ಅವನು ದೇವರ ಹೆಸರು ಹೇಳಿದ ಸ್ವಾಮಿ. ನಾನೂ ಹೇಳ್ತೀನಿ, ದಿನಾ ಕಾರು ಸ್ಟಾರ್ಟ್ ಮಾಡೋ ಮುಂಚೆ, ಬಿಸ್ಮಿಲ್ಲಾ ಅಂತ. ಅದೇ ಹೆಸರು. ನಾನು ಯಾರನ್ನೂ ಗುದ್ದಬಾರದು ಅಂತ ಹೇಳ್ತಿದ್ದೆ..."

"ಅಂದರೆ ಹೆಸರು ಒಂದೇ ಅಂತ ಒಪ್ಪಿಕೊಂಡಿರಿ! ವೀಕ್ಷಕರೇ, ಗಮನಿಸಿ!"

"ಒಪ್ಪೋದಲ್ಲ, ಅದೇ ನನಗೂ ಅರ್ಥ ಆಗ್ತಿಲ್ಲ..."

ಅಷ್ಟರಲ್ಲಿ ಅವರ ದನಿಯನ್ನು ತಗ್ಗಿಸಿ ಚಾಳೀಸಣ್ಣನ ಚೌಕವನ್ನು ದೊಡ್ಡದು ಮಾಡಿದ್ದರು. ನಿಮ್ಮ ನೋವನ್ನು ದೇಶದ ಮುಂದೆ ಹೇಳಿ ಎಂದ ನಿರೂಪಕ, ದನಿಗೆ ಬೇಕಾದಷ್ಟು ಜೇನು ಬೆರೆಸಿ.

"ನಂಗೆ ನೋವು ಹೇಳೋಕೆ ಬರಲ್ಲ." ಹಲಗೆಯ ಮೂಲಕ ಮೊದಲು, ಆಕಾಶದ ಮೂಲಕ ಆಮೇಲೆ. "ಒಂದು ವಿಷಯ ಕೇಳಬೇಕಿತ್ತು. ಅವನಿಗೆ ಕಲಿಸಿದೋರನ್ನ."

ನಿರೂಪಕನ ಮುಖ ಅರಳಿತು. "ಕೇಳುತ್ತಾರೆ! ಮಡಿದವಳ ಪತಿ, ಕಲಿಸಿದ ಗುರುವನ್ನು ನೇರವಾಗಿ ಕೇಳುತ್ತಾರೆ! ಒಂದು ಸಣ್ಣ ವಿರಾಮದ ನಂತರ."

ಕಿವಿಯ ಗುಂಡಿಯಲ್ಲಿ ಹಲ್ಲುಜ್ಜುವ ಪೇಸ್ಟಿನ ಹಾಡು ಶುರುವಾಯಿತು. ಕ್ಯಾಮೆರಾದವನು ಸಿಗರೇಟು ಸೇದಲು ಹೊರಗೆ ಹೋದ. ದೇಶವೆಲ್ಲ ಬಿಳಿ ಹಲ್ಲುಗಳನ್ನು ನೋಡುತ್ತಿದ್ದಾಗ ಹಲಗೆಯ ಆಚೆಯಿಂದ ದನಿ ಬಂತು.

"ಬ್ರೇಕೂ."

ಮಾಸ್ತರರು ಗುಂಡಿಯನ್ನು ಕಿತ್ತು ಮೇಜಿನ ಮೇಲಿಟ್ಟರು. "ಹೇಳೋ."

"ಅವನ ಕಣ್ಣು ನಾನೇ ನೋಡಿದ್ದು ಕಣೋ. ನೆನಪಿದೆಯಾ? ಕೊನೇ ಸಾಲು ತನಕ ಓದಿದ. ಎರಡೂ ಕಣ್ಣು ಚೆನ್ನಾಗಿತ್ತು. ನಾನೇ ಬರೆದುಕೊಟ್ಟೆ."

ಮಾಸ್ತರರಿಗೆ ಅದು ನೆನಪಿರಲಿಲ್ಲ. ತಮ್ಮ ಕಾಲಿನ ಪಾಪವೊಂದೇ ಅವರ ಲೆಕ್ಕದಲ್ಲಿತ್ತು. ಚಿಲಕ ತನ್ನ ಮೇಲಿನ ಸಿಟ್ಟಿಗೆ ಬಿದ್ದದ್ದೆಂದು ಅವರು ತಿಳಿದಿದ್ದರು. ಅದರ ಹಿಂದೆ ಇನ್ನೊಬ್ಬನೂ ತನ್ನ ಪಾಲಿನ ಪಾಪವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಾನೆಂದು ಹೊಳೆದಿರಲಿಲ್ಲ.

"ನೀನೇನು ಮಾಡ್ತೀಯೋ? ಕಣ್ಣು ಚೆನ್ನಾಗಿದ್ರೆ ಚೆನ್ನಾಗಿದೆ ಅಂತ ತಾನೆ ಬರೀಬೇಕು?"

"ಅದಲ್ಲ. ಅವನು ಹೇಗೆ ಓಡಿಸ್ತಿದ್ದ? ಎದುರಿಗೆ ಯಾರಾದ್ರೂ ಬಂದ್ರೆ ಲೆಕ್ಕಕ್ಕಿಲ್ಲ ಅನ್ನೋ ಥರದೋನಾ? ಆ ಥರದೋರು ಇರ್ತಾರಲ್ಲ, ನಿಂಗೆ ಮೊದಲ ದಿನಾನೇ ಗೊತ್ತಾಗುತ್ತೆ ಅಂತಿದ್ದೆ. ಅವನು ಆ ಥರಾನಾ?"

ಹೌದು ಎಂಬ ಒಂದೇ ಮಾತು. ಅದನ್ನು ಹೇಳಿದ್ದರೆ ಆ ಕಡೆಯವನಿಗೆ ನೇರವಾಗಿ ದ್ವೇಷಿಸಲು ಒಂದು ಮೃಗ ಸಿಗುತ್ತಿತ್ತು, ಚಿಲಕವೂ ತೆರೆಯುತ್ತಿತ್ತೇನೋ. ಮಾಸ್ತರರ ಬಾಯಿ ತೆರೆಯಿತು. ಕಾಲು ಒತ್ತಿತು. ಆ ಗೋಡೆಯ ಆಚೆಗೆ ಅವರು ಇದುವರೆಗೆ ಸಾವಿರ ಕುಚೋದ್ಯ ದಾಟಿಸಿದ್ದರು, ಸುಳ್ಳು ದಾಟಿಸಿರಲಿಲ್ಲ.

"ಇಲ್ಲ ಕಣೋ," ಎಂದರು. "ಗಲ್ಲೀಲಿ ಒಂದು ನಾಯಿಮರಿ ಅಡ್ಡ ಬಂತು. ನನ್ನ ಕಾಲು ಏಳೋದರೊಳಗೆ ಅವನೇ ಬ್ರೇಕ್ ಹಾಕಿದ್ದ. ಹಣೆ ಒಡ್ಕೊಂಡ. ಇಳಿದು ಕೆಳಗಡೆ ಇಣುಕಿ ನೋಡಿದ, ಬದುಕಿದೆಯಾ ಅಂತ."

ಮೇಜಿನ ಮೇಲೆ ಗುಂಡಿಯೊಳಗೆ ಯಾರೋ ಸಣ್ಣಗೆ ಹಾಡುತ್ತಿದ್ದರು.

"ನಾಯಿಮರಿ ಕಾಣಿಸ್ತಾ ಅವನಿಗೆ?"

"ಕಾಣಿಸ್ತು."

"ಅವಳು ಕಾಣಿಸಲಿಲ್ವಾ?"

ಮಾಸ್ತರರು ಹಲಗೆಗೆ ಹಣೆ ಹಚ್ಚಿದರು.

ವಿರಾಮ ಮುಗಿಯಿತು. ನಿರೂಪಕ ಕೇಳಿ, ಕೇಳಿ ಎಂದು ಕೂಗಿದ. ದೇಶಕ್ಕೆ ಕಂಡದ್ದು ಎರಡು ಚೌಕಗಳು: ಒಂದರಲ್ಲಿ ಖಾಲಿ ಕುರ್ಚಿ, ಇನ್ನೊಂದರಲ್ಲಿ ಒಬ್ಬ ಮುದುಕನ ಬೆನ್ನು. ಸಂಪರ್ಕದ ತಾಂತ್ರಿಕ ತೊಂದರೆ ಎಂದು ಹೇಳಿ ಸೇನಾಧಿಪತಿಗಳು ಬೇರಿನ ಕಡೆಗೆ ಮರಳಿದರು. ಅವರಿಗೆ ಅದು ಆ ಸಂಜೆ ಸಿಕ್ಕಿತೋ ಇಲ್ಲವೋ ತಿಳಿಯದು; ಮರುದಿನ ಅದೇ ಹೊತ್ತಿಗೆ ಬೇರೆ ಮರದ ಬೇರು ಅಗೆಯುತ್ತಿದ್ದರು.

ಮರುದಿನ ಬೆಳಗ್ಗೆ ಆ ಕಡೆ ಏನೋ ಭಾರವಾದದ್ದನ್ನು ಎಳೆಯುವ ಸದ್ದಾಯಿತು. ಚಾಳೀಸಣ್ಣ ಕನ್ನಡಕದ ಚೌಕಟ್ಟುಗಳ ಕಬ್ಬಿಣದ ಬೀರುವನ್ನು ಎಳೆದು ತಂದು ನಡುಬಾಗಿಲಿಗೆ ಅಡ್ಡ ನಿಲ್ಲಿಸುತ್ತಿದ್ದ. ಅವನ ಸೊಂಟ ನೋವಿನದು. ನಡುನಡುವೆ ನಿಂತು ಏದುಸಿರು ಬಿಡುತ್ತಿದ್ದುದು ಕೇಳಿಸುತ್ತಿತ್ತು. ಕೈಜೋಡಿಸಲು ಹೋಗಬೇಕೆಂದು ಮಾಸ್ತರರು ಎದ್ದರು. ಯಾವುದಕ್ಕೆ ಕೈಜೋಡಿಸಲು ಹೊರಟಿದ್ದೇನೆಂದು ಹೊಳೆದು ಕುಳಿತರು.

"ಸುಳ್ಳು ಹೇಳಬಾರದಿತ್ತಾ?" ಎಂದರು ಹೆಂಡತಿ.

"ಹೇಳಬಹುದಿತ್ತು."

"ಮತ್ತೆ?"

"ಅವನ ಹತ್ರ ಅಭ್ಯಾಸ ಇಲ್ಲ."

ಚಳಿಗಾಲದಲ್ಲಿ ಮಾಸ್ತರರ ಸ್ವಂತ ಲೈಸೆನ್ಸಿನ ಅವಧಿ ಮುಗಿಯಿತು. 'ಕಣ್ಣು ಸರಿಯಿದೆ' ಎಂದು ಬರೆಸಿಕೊಂಡು ಬರಬೇಕಿತ್ತು. ಊರಿನಲ್ಲಿ ಬೇರೆ ಕನ್ನಡಕದಂಗಡಿಗಳೂ ಇದ್ದವು. ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಮ್ಮ ಬಾಗಿಲಿನಿಂದ ಬೀದಿಗಿಳಿದು, ಹತ್ತು ಹೆಜ್ಜೆ ನಡೆದು, ಚಾಳೀಸಣ್ಣನ ಅಂಗಡಿಯನ್ನು ಜೀವನದಲ್ಲಿ ಮೊದಲ ಸಲ ಮುಂಬಾಗಿಲಿನಿಂದ ಹೊಕ್ಕರು. ಗಿರಾಕಿಯ ಹಾಗೆ ಕೈಕಟ್ಟಿ ನಿಂತರು.

ಚಾಳೀಸಣ್ಣ ತಲೆಯೆತ್ತಿದ. ಮುಖ ಅರ್ಧಕ್ಕಿಳಿದಿತ್ತು. ಪರೀಕ್ಷೆಯ ಕುರ್ಚಿಯನ್ನು ತೋರಿಸಿದ. ಕಣ್ಣು ಪರೀಕ್ಷಿಸುವ ಭಾರದ ಕಬ್ಬಿಣದ ಕನ್ನಡಕವನ್ನು ಮಾಸ್ತರರ ಮೂಗಿನ ಮೇಲೇರಿಸಿ, ದೀಪ ಹಾಕಿ, ಅಕ್ಷರಗಳ ಪಟವನ್ನು ಬೆಳಗಿಸಿದ. ಪೆಟ್ಟಿಗೆಯಿಂದ ಒಂದೊಂದೇ ಗಾಜು ತೆಗೆದು ಸಿಕ್ಕಿಸತೊಡಗಿದ.

"ಈಗ?"

"ಕಾಣ್ತದೆ."

"ಈಗ?"

"ಸ್ವಲ್ಪ ಮಬ್ಬು."

"ಈಗ?"

ಕೊನೆಯ ಸಾಲಿನವರೆಗೂ ಮಾಸ್ತರರು ಓದಿದರು. ಚಾಳೀಸಣ್ಣ ಮೇಜಿನ ಬಳಿ ಹೋಗಿ, ಕಾಗದ ಎಳೆದುಕೊಂಡು, ಪೆನ್ನು ತೆರೆದು ಕುಳಿತ. ಪೆನ್ನು ಕಾಗದಕ್ಕೆ ತಾಗಲಿಲ್ಲ. ಆ ಸ್ಫೋಟದ ನಂತರ ಅವನು ಯಾರ ಲೈಸೆನ್ಸಿಗೂ ಬರೆದುಕೊಟ್ಟಿರಲಿಲ್ಲ ಎಂಬುದನ್ನು ಮಾಸ್ತರರು ಬೀದಿಯಲ್ಲಿ ಕೇಳಿದ್ದರು. ಕೇಳಿಯೂ ಬಂದಿದ್ದರು.

"ಆಗಲ್ಲ ಕಣೋ," ಎಂದ ಚಾಳೀಸಣ್ಣ. "ನಿನ್ನ ಕಣ್ಣು ಚೆನ್ನಾಗಿದೆ. ಬರೆಯೋಕೆ ಕೈ ಬರ್ತಿಲ್ಲ. ಬೇರೆ ಕಡೆ ಮಾಡಿಸ್ಕೋ."

"ಬೇರೆ ಕಡೆ ಯಾಕೆ? ನಂಗೇನು ಅವಸರ, ಕಲಿಯೋಕೆ ಯಾರು ಬರ್ತಿದ್ದಾರೆ?"

"ಆ ನಾಯಿಮರಿ ಏನಾಯ್ತೋ?"

ಮಾಸ್ತರರು ಮೂಗಿನ ಮೇಲಿನ ಕಬ್ಬಿಣವನ್ನು ಸರಿಮಾಡಿಕೊಂಡರು. "ಅದೇ ಗಲ್ಲೀಲಿ ಬೆಳೀತಿತ್ತು. ಈರುಳ್ಳಿಯವನ ಹತ್ರ. ಆಮೇಲೆ ಹುಡುಕಿದೆ. ಈರುಳ್ಳಿಯವನೂ ಇಲ್ಲ, ಅದೂ ಇಲ್ಲ."

ಚಾಳೀಸಣ್ಣ ಪೆನ್ನು ಮುಚ್ಚಿದ.

ಮಾಸ್ತರರ ಲೈಸೆನ್ಸು ಹಾಗೆಯೇ ಸತ್ತಿತು. ಶಾಲೆಯ ಕಾರಿನ ಮೇಲೆ ಧೂಳು ಕೂತಿತು. ಅದರ ಗಾಜಿನ ಮೇಲೆ ಯಾರೋ ಬೆರಳಿನಿಂದ ಕೆಟ್ಟ ಮಾತೊಂದನ್ನು ಬರೆದರು, ಮಾಸ್ತರರ ಹೆಂಡತಿ ಒರೆಸಿದರು. ಬೀರು ನಡುಬಾಗಿಲಿನಿಂದ ಕದಲಲಿಲ್ಲ. ಆದರೆ ಮಧ್ಯಾಹ್ನ, ಮೊದಲು ಊಟದ ಡಬ್ಬಿ ಬರುತ್ತಿದ್ದ ಹೊತ್ತಿಗೆ, ಮಾಸ್ತರರು ಬೀದಿಯ ಕಡೆಯಿಂದ ಸುತ್ತಿ ಬಂದು ಆ ಕುರ್ಚಿಯಲ್ಲಿ ಕೂರುತ್ತಾರೆ. ಚಾಳೀಸಣ್ಣ ಕಬ್ಬಿಣದ ಕನ್ನಡಕ ಏರಿಸುತ್ತಾನೆ. ಗಾಜು ಬದಲಿಸುತ್ತಾನೆ. ಈಗ ಎನ್ನುತ್ತಾನೆ. ಮಾಸ್ತರರು ಓದುತ್ತಾರೆ. ಕಾಗದ ತೆಗೆಯುತ್ತಾನೆ, ನೋಡುತ್ತಾನೆ, ಒಳಗಿಡುತ್ತಾನೆ.

ಕುರ್ಚಿಗೆ ಕಾಲಿಡುವ ಒಂದು ತಗಡಿನ ಪಟ್ಟಿಯಿದೆ. ಮಾಸ್ತರರ ಬಲಗಾಲು ಅದನ್ನು ಒತ್ತುತ್ತಲೇ ಇರುತ್ತದೆ. ತಗಡು ಒಂದು ಕಡೆ ಬಾಗಿಹೋಗಿದೆ.

"ಕಾಲು ತೆಗೆಯೋ," ಎನ್ನುತ್ತಾನೆ ಚಾಳೀಸಣ್ಣ. "ಕುರ್ಚಿ ಎಲ್ಲಿಗೂ ಹೋಗಲ್ಲ."

"ಗೊತ್ತು," ಎನ್ನುತ್ತಾರೆ ಮಾಸ್ತರರು. ತೆಗೆಯುವುದಿಲ್ಲ.